ಪಾಠದೊಳಗಿನ ಪರಿಸರ ಓಣಿಗೆ ಬರಲಿ
(ಜಾತ್ರಾ ಮಹೋತ್ಸವದ ಸಭೆಯಲ್ಲಿ ದೇವಸ್ಥಾನದ ವಿಶ್ವಸ್ತರೊಬ್ಬರು ಮಾಡಿದ ಭಾಷಣ)

 

ಪ್ರತಿವರ್ಷ ಈ ಸಭೆಯಲ್ಲಿ ಪಂಡಿತರ ಪ್ರವಚನ ಕೇಳುವ ಭಾಗ್ಯ ನಮಗಿದೆ. ಈ ಸಲ ಕಮೀಟಿಯವರು ವಿಶ್ವಸ್ತರಲ್ಲಿ ಒಬ್ಬರು ಊರಿಗೆ ಉಪಯೋಗವಾಗುವ ವಿಷಯ ಮಾತಾಡಲಿ ಎಂದು ಠರಾವು ಮಾಡಿ ನನ್ನ ಹೆಸರು ಬರೆದರು. ನಾನು ಎಸ್.ಎಸ್.ಎಲ್.ಸಿ. ಕಲಿತು ಕಿರಾಣಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ತಕ್ಕಡಿ ಹಿಡಿಯುವ ಕೈ ಮೈಕು ಹಿಡಿದರೆ ಸ್ವಲ್ಪ ನಡುಗುವುದು ಸಹಜ. ಆದರೆ ಅಂಗಡಿಗೆ ಎಲ್ಲ ಮನೆಯ ಮಕ್ಕಳೂ ಬರುತ್ತಾರೆ. ಅವರು ಏನು ಕಲಿಯುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಎಂಬುದು ನನ್ನ ಕಿವಿಗೆ ಬೀಳುತ್ತದೆ. ಆ ಬಲದ ಮೇಲೆ ನಮ್ಮ ಮಕ್ಕಳ ಶಾಲೆಯ ಒಂದು ವಿಷಯದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಆ ವಿಷಯವೇ ಪರಿಸರ ಶಿಕ್ಷಣ.

ಈ ಪಾಠ ಶಾಲೆಗೆ ಹೇಗೆ ಬಂತು ಎಂಬುದನ್ನು ಮೊದಲು ನೋಡೋಣ. ನಮ್ಮ ಕಾಲದಲ್ಲಿ ಪರಿಸರ ಎಂದರೆ ವರ್ಷಕ್ಕೊಮ್ಮೆ ವನಮಹೋತ್ಸವ. 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿದ ಆ ಕಾರ್ಯಕ್ರಮದಲ್ಲಿ ಗಿಡ ನೆಟ್ಟು, ಪೇಢೆ ತಿಂದು ಮನೆಗೆ ಬರುತ್ತಿದ್ದೆವು. ಮುಂದೆ 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯಾಗಿ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಹಾಗೂ ಜೀವಿಗಳಲ್ಲಿ ದಯೆ ಇಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಬರೆಯಲ್ಪಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪರಿಸರ ರಕ್ಷಣೆಯನ್ನು ದೇಶದ ಎಲ್ಲ ಶಾಲೆಗಳಿಗೂ ಸಾಮಾನ್ಯವಾದ ಪಠ್ಯಾಂಶಗಳಲ್ಲಿ ಒಂದಾಗಿ ಸೇರಿಸಿತು. ಹೇಳಿದ್ದೇನೋ ಆಯಿತು, ಆಚರಣೆಗೆ ತರುವವರು ಬೇಕಲ್ಲ?

ಅದಕ್ಕಾಗಿ ಎಂ. ಸಿ. ಮೆಹತಾ ಎಂಬ ವಕೀಲರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 1991ರ ನವೆಂಬರ್ 22ರಂದು ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರಿದ್ದ ಪೀಠ ಮಹತ್ವದ ಆದೇಶ ಕೊಟ್ಟಿತು. ಸಿನೆಮಾ ಮಂದಿರಗಳಲ್ಲಿ ಪರಿಸರದ ಬಗ್ಗೆ ಸ್ಲೈಡುಗಳನ್ನು ಪುಕ್ಕಟೆಯಾಗಿ ತೋರಿಸಬೇಕು, ರೇಡಿಯೋ ಹಾಗೂ ದೂರದರ್ಶನದಲ್ಲಿ ಸಣ್ಣ ಸಣ್ಣ ಕಾರ್ಯಕ್ರಮಗಳು ಬರಬೇಕು, ಶಾಲೆ ಕಾಲೇಜುಗಳಲ್ಲಿ ಹಂತ ಹಂತವಾಗಿ ಪರಿಸರವನ್ನು ಕಡ್ಡಾಯ ವಿಷಯ ಮಾಡಬೇಕು ಎಂದು ಅದರಲ್ಲಿತ್ತು. ಹನ್ನೆರಡು ವರ್ಷ ಕಳೆದರೂ ಅನೇಕ ಕಡೆ ಕೆಲಸ ಸಾಗಲಿಲ್ಲ. 2003ರ ಡಿಸೆಂಬರದಲ್ಲಿ ನ್ಯಾಯಾಲಯ ಮತ್ತೆ ಎಚ್ಚರಿಸಿ, ಎನ್.ಸಿ.ಇ.ಆರ್.ಟಿ. ಮಾದರಿ ಪಠ್ಯಕ್ರಮ ತಯಾರಿಸಬೇಕು, ರಾಜ್ಯಗಳು 2004-05ರ ಶಾಲಾ ವರ್ಷದಿಂದ ಅದನ್ನು ಜಾರಿಗೆ ತರಬೇಕು ಎಂದು ಹೇಳಿತು. ಆದ್ದರಿಂದ ಬಂಧುಗಳೇ, ನಮ್ಮ ಮಕ್ಕಳ ಚೀಲದಲ್ಲಿರುವ ಈ ಪುಸ್ತಕ ಯಾರೋ ಹವ್ಯಾಸಕ್ಕೆ ಸೇರಿಸಿದ್ದಲ್ಲ. ದೇಶದ ಅತಿ ದೊಡ್ಡ ನ್ಯಾಯಾಲಯ ಎರಡು ಸಲ ಹೇಳಿದ ಮೇಲೆ ಅದು ಕಡ್ಡಾಯವಾದದ್ದು.

ನಮ್ಮ ಮಹಾರಾಷ್ಟ್ರದಲ್ಲಿ ಮೂರನೇ ಇಯತ್ತೆಯಿಂದ ಐದನೇ ಇಯತ್ತೆಯವರೆಗೆ 'ಪರಿಸರ ಅಭ್ಯಾಸ' ಎಂಬ ವಿಷಯವೇ ಇದೆ. ಪುಣೆಯ ಬಾಲಭಾರತಿ ಎಂದು ನಾವೆಲ್ಲ ಕರೆಯುವ ಪಠ್ಯಪುಸ್ತಕ ಮಂಡಳ 1967ರಲ್ಲಿ ಸ್ಥಾಪನೆಯಾಯಿತು. ಅದು ಮರಾಠಿಯಲ್ಲಿ ಮಾತ್ರವಲ್ಲ, ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುತ್ತದೆ. ಜತ್ತ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಗು ನೀರು, ಮಣ್ಣು, ಗಿಡಮರಗಳ ಪಾಠವನ್ನು ತಾಯಿನುಡಿಯಲ್ಲಿ ಓದುತ್ತದೆ. ಮೂರನೇ ಇಯತ್ತೆಯ ಪುಸ್ತಕವನ್ನಂತೂ ಜಿಲ್ಲೆ ಜಿಲ್ಲೆಗೆ ಬೇರೆ ಬೇರೆಯಾಗಿ ಮಾಡಿದ್ದಾರೆ. ಸಾಂಗಲಿ ಜಿಲ್ಲೆಯ ಮಗು ಸಾಂಗಲಿಯ ನಕಾಶೆಯನ್ನೇ ನೋಡಿ ದಿಕ್ಕು ಕಲಿಯಬೇಕು ಎಂಬ ವಿಚಾರ ಬಹಳ ಯೋಗ್ಯವಾದದ್ದು. ತನ್ನ ಮನೆಯ ದಿಕ್ಕು ಗೊತ್ತಿಲ್ಲದವನಿಗೆ ಜಗತ್ತಿನ ನಕಾಶೆ ತೋರಿಸಿ ಏನು ಪ್ರಯೋಜನ?

ಹಾಗಾದರೆ ಕೊರತೆ ಏನು ಎಂದು ತಾವು ಕೇಳಬಹುದು. ಕೊರತೆ ಪುಸ್ತಕದಲ್ಲಿಲ್ಲ, ಅದನ್ನು ನಾವು ನೋಡುವ ರೀತಿಯಲ್ಲಿದೆ. ಆರನೇ ಇಯತ್ತೆಗೆ ಬಂದೊಡನೆ ಪರಿಸರ ಎಂಬುದು ವಿಜ್ಞಾನಕ್ಕೆ ಒಂದು ಪಾಲು, ಭೂಗೋಳಕ್ಕೆ ಒಂದು ಪಾಲು ಎಂದು ಹಂಚಿಹೋಗುತ್ತದೆ. ಒಂಬತ್ತು, ಹತ್ತನೇ ಇಯತ್ತೆಗೆ 'ಜಲಸುರಕ್ಷಾ' ಎಂಬ ಒಳ್ಳೆಯ ವಿಷಯವನ್ನು ಇಟ್ಟಿದ್ದಾರೆ. ಆದರೆ ಅದು ಶ್ರೇಣಿ ಕೊಡುವ ವಿಷಯ. ಶೇಕಡಾವಾರು ಲೆಕ್ಕಕ್ಕೆ ಬಾರದ ವಿಷಯವೆಂದ ಮೇಲೆ ಪಾಲಕರಾದ ನಾವು ಅದರ ಪುಸ್ತಕ ತೆರೆದು ನೋಡುವುದೂ ಇಲ್ಲ. 'ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ' ಎಂಬಂತೆ ನೀರು ಉಳಿಸಿ ಎಂದು ಪ್ರಬಂಧ ಬರೆದ ಮಗು, ಮನೆಗೆ ಬಂದರೆ ತುಂಬಿ ಹರಿಯುವ ಟಾಕಿಯನ್ನು ನೋಡುತ್ತದೆ. ಮಗು ಯಾವುದನ್ನು ಕಲಿಯುತ್ತದೆ? ಬರೆದದ್ದನ್ನೋ, ಕಂಡದ್ದನ್ನೋ?

ಕಂಡು ಕಲಿಯುವುದಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ಶಾಲೆ ಮತ್ತೊಂದಿಲ್ಲ. ನಮ್ಮ ಕುಪವಾಡ ನದಿಯ ದಂಡೆಯ ಮೇಲಿಲ್ಲ, ಆದರೂ ಕೃಷ್ಣೆಯನ್ನು ಬಿಟ್ಟು ನಮ್ಮ ಬದುಕಿಲ್ಲ. ಸಾಂಗಲಿಯ ಐರ್ವಿನ್ ಪೂಲು ಕಟ್ಟಿದ್ದು 1929ರಲ್ಲಿ. ಅಲ್ಲಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45 ಅಡಿಗೆ ಬಂದರೆ ಅಪಾಯ. 2005ರಲ್ಲಿ ಮಹಾಪೂರ ಬಂತು. 2019ರ ಆಗಸ್ಟದಲ್ಲಿ ನೀರು 57 ಅಡಿ ದಾಟಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ನಾವೆ ಮುಳುಗಿ ತಾಯಂದಿರು, ಮಕ್ಕಳು ಜೀವ ಕಳೆದುಕೊಂಡರು. 2021ರಲ್ಲಿ ಮತ್ತೆ ನೀರು ಅಪಾಯದ ಮಟ್ಟ ಮೀರಿತು. ಹದಿನಾರು ವರ್ಷದಲ್ಲಿ ಮೂರು ಮಹಾಪೂರ ಕಂಡ ಊರಿನ ಮಗುವಿಗೆ 45 ಅಡಿ ಎಂದರೆ ತನ್ನ ಓಣಿಯ ಯಾವ ಕಟ್ಟೆಯವರೆಗೆ ನೀರು ಎಂಬುದು ಗೊತ್ತಿರಬೇಡವೇ? ಇದು ಅಂಕಕ್ಕಾಗಿ ಕಲಿಯುವ ಪಾಠವಲ್ಲ, ಜೀವ ಉಳಿಸುವ ಪಾಠ.

ಇದೇ ಜಿಲ್ಲೆಯ ಇನ್ನೊಂದು ಮುಖ ನೋಡಿರಿ. 2016ರ ಏಪ್ರಿಲದಲ್ಲಿ ಲಾತೂರಿಗೆ ಕುಡಿಯಲು ನೀರಿಲ್ಲದೆ ನಮ್ಮ ಮಿರಜ ಸ್ಟೇಶನ್ನಿನಿಂದ ನೀರಿನ ರೈಲು ಹೋಯಿತು. ಮೊದಲ ಗಾಡಿಗೆ ಹತ್ತು ಟ್ಯಾಂಕರ್ ಡಬ್ಬಿ, ಅವುಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ನೀರು. ಲಾತೂರು ಪಟ್ಟಣದ ಜನಸಂಖ್ಯೆ ಆಗ ಸುಮಾರು ನಾಲ್ಕು ಲಕ್ಷ. ಮಕ್ಕಳೇ, ಭಾಗಾಕಾರ ಮಾಡಿರಿ. ಒಬ್ಬರಿಗೆ ಒಂದೂಕಾಲು ಲೀಟರ್. ಅಷ್ಟು ದೂರ ರೈಲಿನಲ್ಲಿ ಹೋದ ನೀರು ಒಂದು ದೊಡ್ಡ ತಂಬಿಗೆಯಷ್ಟು! ನಮ್ಮ ಜತ್ತ, ಕವಠೆ ಮಹಾಂಕಾಳದ ರೈತರೂ ವರ್ಷಾನುಗಟ್ಟಲೆ ಮ್ಹೈಸಾಳ ಯೋಜನೆಯ ನೀರಿನ ದಾರಿ ಕಾದವರೇ. ಒಂದೇ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಮಹಾಪೂರ, ಪೂರ್ವಕ್ಕೆ ಬರ. ಇದು ಏಕೆ ಎಂದು ಕೇಳಿದ ಮಗು ಭೂಗೋಳ ಕಲಿಯುತ್ತದೆ, ಎಷ್ಟು ಎಂದು ಕೇಳಿದ ಮಗು ಗಣಿತ ಕಲಿಯುತ್ತದೆ, ಯಾರಿಗೆ ಸಿಕ್ಕಿತು ಯಾರಿಗೆ ಸಿಗಲಿಲ್ಲ ಎಂದು ಕೇಳಿದ ಮಗು ನಾಗರಿಕ ಶಾಸ್ತ್ರ ಕಲಿಯುತ್ತದೆ. ಪರಿಸರ ಬೇರೆ ವಿಷಯವಾಗಿರಬೇಕೋ, ಎಲ್ಲ ವಿಷಯದಲ್ಲಿ ಬೆರೆತಿರಬೇಕೋ ಎಂದು ಪಂಡಿತರಲ್ಲಿ ಚರ್ಚೆಯಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬೆರೆಸಿ ಕಲಿಸಿರಿ ಎಂದಿತು. ಅಂಗಡಿಕಾರನ ಲೆಕ್ಕದಲ್ಲಿ ಉಪ್ಪು ಪ್ರತ್ಯೇಕ ಡಬ್ಬಿಯಲ್ಲೂ ಇರಬೇಕು, ಪ್ರತಿ ಅಡುಗೆಯಲ್ಲೂ ಇರಬೇಕು. ಡಬ್ಬಿ ಮಾತ್ರ ಇದ್ದು ಅಡುಗೆಯಲ್ಲಿ ಇಲ್ಲದಿದ್ದರೆ ಊಟ ಸಪ್ಪೆ.

ಇನ್ನೊಂದು ಸೂಕ್ಷ್ಮ ಮಾತು. ಮಹಾರಾಷ್ಟ್ರದಲ್ಲಿ ಬಾಳುವ ಕನ್ನಡಿಗರಾದ ನಮಗೆ ಇದು ತಿಳಿದೇ ಇದೆ. ಮಹಾಪೂರ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಆಲಮಟ್ಟಿಯ ಮಾತು ಏಳುತ್ತದೆ. 'ನಿಮ್ಮ ಆಲಮಟ್ಟಿಯಿಂದ ನಮ್ಮ ಊರು ಮುಳುಗಿತು' ಎಂದು ಒಬ್ಬರು, 'ನಿಮ್ಮ ಕೊಯ್ನಾದಿಂದ ನಮ್ಮ ಹೊಲ ಹೋಯಿತು' ಎಂದು ಗಡಿಯಾಚೆಯ ನೆಂಟರು. ಎರಡೂ ಕಡೆ ನಮ್ಮವರೇ ಇರುವಾಗ ನಾವು ಯಾರ ಪರ ಮಾತಾಡಬೇಕು? ಅಂಕಿಯ ಪರ ಮಾತಾಡಬೇಕು. ಕೊಯ್ನಾ ಸುಮಾರು 105 ಟಿ.ಎಂ.ಸಿ. ಹಿಡಿಯುತ್ತದೆ, ಆಲಮಟ್ಟಿ 519.60 ಮೀಟರ್ ಎತ್ತರದಲ್ಲಿ 123 ಟಿ.ಎಂ.ಸಿ. ಹಿಡಿಯುತ್ತದೆ. 2019ರ ಪೂರದ ನಂತರ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ವರದಿ ಕೊಟ್ಟು, ಅತಿವೃಷ್ಟಿ, ನದಿಪಾತ್ರದ ಅತಿಕ್ರಮಣ ಮುಂತಾದ ಕಾರಣಗಳನ್ನು ಹೇಳಿತು. ಆಲಮಟ್ಟಿಯೇ ಕಾರಣವೆಂಬ ಮಾತನ್ನು ಒಪ್ಪಲಿಲ್ಲ. ಈ ವರದಿಯನ್ನು ಒಪ್ಪದವರೂ ಇದ್ದಾರೆ, ವಾದ ನಡೆಯಲಿ. ಆದರೆ ಜಲಾನಯನ ಪ್ರದೇಶ ಎಂದರೇನು, ಆಣೆಕಟ್ಟಿನಿಂದ ಬಿಟ್ಟ ನೀರು ಊರಿಗೆ ಬರಲು ಎಷ್ಟು ತಾಸು ಬೇಕು, ಹಳ್ಳದ ಬಾಯಿ ಮುಚ್ಚಿ ಮನೆ ಕಟ್ಟಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕಲಿತ ಮಗು ಜಗಳದ ಮಾತಿಗೆ ಮರುಳಾಗುವುದಿಲ್ಲ. ಎರಡು ಭಾಷೆಯ ಜನ ಒಂದೇ ಓಣಿಯಲ್ಲಿ ಸುಖವಾಗಿ ಬಾಳಲು ಸಹ ಪರಿಸರದ ಪಾಠ ಬೇಕು.

ಮರದ ಮಾತಿಗೆ ಬರೋಣ. ನಮ್ಮ ಮಿರಜ ತಾಲೂಕಿನ ಭೋಸೆ ಗ್ರಾಮದಲ್ಲಿ ಯಲ್ಲಮ್ಮನ ಗುಡಿಯ ಹತ್ತಿರ ಸುಮಾರು ನಾನೂರು ವರ್ಷದ್ದೆಂದು ಜನ ಹೇಳುವ ದೊಡ್ಡ ಆಲದಮರವಿತ್ತು. ರತ್ನಾಗಿರಿ-ನಾಗಪುರ ಹೆದ್ದಾರಿಗಾಗಿ 2020ರಲ್ಲಿ ಅದನ್ನು ಕಡಿಯುವ ಹೊತ್ತು ಬಂದಾಗ ಜನ ಎದ್ದು ನಿಂತರು. ಸುದ್ದಿ ಮುಂಬಯಿ, ದಿಲ್ಲಿವರೆಗೆ ಹೋಗಿ, ಮರ ಬಿಟ್ಟು ರಸ್ತೆ ಮಾಡುವ ನಿರ್ಣಯವಾಯಿತು. ಮುಂದೆ 2022ರಲ್ಲಿ ಮಳೆಗಾಲದ ಆರಂಭದಲ್ಲಿ ಆ ಮರ ಉರುಳಿತು. ಕೊಡಲಿಯಿಂದ ಉಳಿಸಿಕೊಂಡರೆ ಕೆಲಸ ಮುಗಿಯಲಿಲ್ಲ, ಹಳೆಯ ಮರದ ಬೇರಿಗೂ ಮಣ್ಣಿಗೂ ಆರೈಕೆ ಬೇಕು ಎಂಬ ಪಾಠವನ್ನು ಅದು ಬಿಟ್ಟುಹೋಗಿದೆ. ಇನ್ನು ಬರಡು ಗುಡ್ಡವೂ ಕಾಡಾದೀತು ಎಂಬುದಕ್ಕೆ ನಮ್ಮ ಜಿಲ್ಲೆಯ ಸಾಗರೇಶ್ವರ ಸಾಕ್ಷಿ. ಡಿ. ಎಂ. ಮೋಹಿತೆ ಎಂಬ ವೃಕ್ಷಪ್ರೇಮಿಗಳ ಶ್ರಮದಿಂದ ಬೆಳೆದ ಆ ಕಾಡು 1985ರಲ್ಲಿ ಅಭಯಾರಣ್ಯವಾಯಿತು. ಇಂದು ಅಲ್ಲಿ ಜಿಂಕೆಗಳು ಓಡಾಡುತ್ತವೆ. ಮಕ್ಕಳ ಸಹಲನ್ನು ದೂರದ ವಾಟರ್ ಪಾರ್ಕಿಗೆ ಒಯ್ಯುವ ಬದಲು ಒಮ್ಮೆ ಅಲ್ಲಿಗೆ ಒಯ್ಯಿರಿ ಎಂದು ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ.

ಕರ್ನಾಟಕದ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪತಿಯೊಡನೆ ಕೊಡದಲ್ಲಿ ನೀರು ಹೊತ್ತು ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ ಬೆಳೆಸಿ 2025ರ ನವೆಂಬರದಲ್ಲಿ ಅಗಲಿದರು. ಅಂಕೋಲೆಯ ತುಳಸಿ ಗೌಡರೂ ಓದು ಬರಹ ಬಾರದವರೇ. ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ದುಡಿದು ನೂರಾರು ಗಿಡಗಳ ಬೀಜದ ಗುಣ ಅರಿತು ಪದ್ಮಶ್ರೀ ಪಡೆದು, 2024ರ ಡಿಸೆಂಬರದಲ್ಲಿ ತೀರಿಕೊಂಡರು. 'ಓದದವರೇ ಇಷ್ಟು ಮಾಡಿದರು, ಶಾಲೆಯ ಪಾಠ ಏತಕ್ಕೆ' ಎಂದು ಕೆಲವರು ಕೇಳುತ್ತಾರೆ. ನಾನು ಅದನ್ನು ಬೇರೆ ರೀತಿ ತಿಳಿಯುತ್ತೇನೆ. ಆ ತಾಯಂದಿರು ಕೈಯಿಂದ ಕಲಿತರು. ನಮ್ಮ ಮಕ್ಕಳಿಗೆ ಪುಸ್ತಕವಿದೆ, ಕೈಗೆ ಕೆಲಸವಿಲ್ಲ. ಎರಡೂ ಕೂಡಿದರೆ ಒಂದೊಂದು ಓಣಿಗೆ ಒಬ್ಬೊಬ್ಬ ತಿಮ್ಮಕ್ಕ ಹುಟ್ಟಬಹುದು.

ಆದರೆ ಇಲ್ಲಿ ಎಚ್ಚರವೂ ಬೇಕು. ಮಕ್ಕಳ ಕೈಗೆ ಕಸಬರಿಗೆ ಕೊಟ್ಟು, ಫೋಟೋ ತೆಗೆದು, ಪೇಪರಿನಲ್ಲಿ ಹಾಕಿಸಿದರೆ ಪರಿಸರ ಶಿಕ್ಷಣವಾಗುವುದಿಲ್ಲ. ದೊಡ್ಡವರು ಚೆಲ್ಲಿದ್ದನ್ನು ಸಣ್ಣವರು ಬಳಿಯುವುದು ಪಾಠವಲ್ಲ, ಅದು ಶಿಕ್ಷೆ. ನಮ್ಮದು ಎಂ.ಐ.ಡಿ.ಸಿ. ಇರುವ ಊರು. ಅದರಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಕಾರಖಾನೆಯ ನೀರು ಶುದ್ಧವಾಗಿ ಹೊರಬರಬೇಕು, ಗಟಾರದ ನೀರು ನದಿಗೆ ಸೇರಬಾರದು ಎಂಬುದನ್ನು ನೋಡಿಕೊಳ್ಳುವುದು ಮಾಲಕರ, ಮಹಾನಗರಪಾಲಿಕೆಯ, ಮತ ಕೊಡುವ ನಮ್ಮ ಕೆಲಸ. ಆ ಹೊರೆಯನ್ನು ನಾಲ್ಕನೇ ಇಯತ್ತೆಯ ಕೂಸಿನ ಹೆಗಲಿಗೆ ಹಾಕುವುದು ಸರಿಯಲ್ಲ. ಮಗು ಪ್ರಶ್ನೆ ಕೇಳಲು ಕಲಿಯಲಿ, ಉತ್ತರ ಕೊಡುವುದು ನಮ್ಮ ಜವಾಬ್ದಾರಿ.

ಪ್ರಶ್ನೆ ಕೇಳಿದ ಮಗುವಿನ ಬಲ ಎಷ್ಟು ಎಂಬುದನ್ನು ನಾನು ಅಂಗಡಿಯಲ್ಲಿ ಕಂಡಿದ್ದೇನೆ. 2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಪಿಶವಿ, ಥರ್ಮಾಕೋಲ್ ತಾಟುಗಳು ಬಂದ್ ಆದವು. ಮೊದಲ ಸಲ ಸಿಕ್ಕರೆ 5,000 ರೂಪಾಯಿ ದಂಡ, ಎರಡನೇ ಸಲಕ್ಕೆ 10,000, ಮೂರನೇ ಸಲಕ್ಕೆ 25,000 ಮತ್ತು ಜೈಲು. ಅಂದಿನಿಂದ ನನ್ನ ಅಂಗಡಿಯಲ್ಲಿ ಕ್ಯಾರಿಬ್ಯಾಗ್ ಇಲ್ಲ. ಗಿರಾಕಿಗಳು ಬೇಸರ ಮಾಡಿಕೊಂಡರು. ಒಬ್ಬರಂತೂ 'ಪಿಶವಿ ಇಲ್ಲದ ಮೇಲೆ ಅಂಗಡಿ ಏಕೆ ತೆರೆದಿದ್ದೀರಿ' ಎಂದು ಸಾಮಾನು ಅಲ್ಲಿಯೇ ಬಿಟ್ಟು ಹೊರಟರು. ಜೊತೆಗಿದ್ದ ಅವರ ಮಗಳು ಪಾಟೀಚೀಲ ಬಿಚ್ಚಿ, ಒಳಗಿಂದ ಮಡಚಿಟ್ಟ ಬಟ್ಟೆಯ ಚೀಲ ತೆಗೆದು, 'ಕಾಕಾ, ಇದರಾಗ ಹಾಕ್ರಿ. ನಮ್ಮ ಬಾಯಿಯವರು ದಿನಾ ಇಟ್ಟುಕೋರಿ ಅಂದಾರ' ಎಂದಳು. ತಂದೆ ಮಾತಿಲ್ಲದೆ ತಿರುಗಿ ಬಂದು ದುಡ್ಡು ಕೊಟ್ಟರು. ಐದು ಸಾವಿರ ದಂಡದ ಬೋರ್ಡು ಮಾಡದ ಕೆಲಸವನ್ನು ಒಬ್ಬ ಶಿಕ್ಷಕಿಯ ಒಂದು ಮಾತು ಮಾಡಿತು. ಇದಕ್ಕಿಂತ ದೊಡ್ಡ ಪಠ್ಯಕ್ರಮ ನನಗೆ ಗೊತ್ತಿಲ್ಲ.

'ಮೊದಲೇ ಚೀಲ ಭಾರ, ಇಂಗ್ಲಿಷ್ ಬೇಕು, ಗಣಿತ ಬೇಕು, ಇದರ ನಡುವೆ ಇದೊಂದು' ಎಂದು ಪಾಲಕರು ಹೇಳುವುದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಮಗನಿಗೆ ನೌಕರಿ ಸಿಗಬೇಕೆಂಬ ಚಿಂತೆ ಎಲ್ಲರಿಗೂ ಇದೆ. ಆದರೆ ಈ ವಿಷಯಕ್ಕೆ ಚೀಲದಲ್ಲಿ ಜಾಗ ಬೇಕಿಲ್ಲ, ಊರಿನಲ್ಲಿ ಜಾಗ ಬೇಕು. ಆ ಜಾಗ ಕೊಡಲು ನಮ್ಮ ದೇವಸ್ಥಾನಕ್ಕೆ ಶಕ್ತಿಯಿದೆ. ಆದ್ದರಿಂದ ವಿಶ್ವಸ್ತ ಮಂಡಳಿಯ ಮುಂದೆ, ತಮ್ಮೆಲ್ಲರ ಸಾಕ್ಷಿಯಾಗಿ, ನಾಲ್ಕು ಸೂಚನೆಗಳನ್ನು ಇಡುತ್ತೇನೆ.

ಒಂದನೆಯದು, ಗುಡಿಯ ಆವಾರದಲ್ಲಿ ಒಂದು ಮಳೆಮಾಪಕ ಇಡೋಣ. ಸಮೀಪದ ಶಾಲೆಯ ಮಕ್ಕಳು ಸರದಿಯಂತೆ ಮುಂಜಾನೆ ಅಳತೆ ತೆಗೆದು ಹಲಗೆಯ ಮೇಲೆ ಬರೆಯಲಿ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ನೀರಾಗುತ್ತದೆ. ಮಕ್ಕಳು ಈ ಲೆಕ್ಕ ಮಾಡಿ ತೋರಿಸಿದ ಮೇಲೆ ಗುಡಿಯ ಮಾಳಿಗೆಯ ನೀರನ್ನು ಭೂಮಿಗೆ ಇಳಿಸುವ ಕೆಲಸವನ್ನು ನಾವು ಹಿರಿಯರು ಮಾಡೋಣ. ಮಳೆಮಾಪಕದ ಖರ್ಚು ನನ್ನ ಅಂಗಡಿಯದು.

ಎರಡನೆಯದು, ದೇವರಿಗೆ ಏರಿಸಿದ ಹೂವು, ಬಿಲ್ವಪತ್ರೆ ನಿರ್ಮಾಲ್ಯವಾಗಿ ನದಿಗೋ ಬಾವಿಗೋ ಹೋಗಬಾರದು. ಆವಾರದ ಮೂಲೆಯಲ್ಲಿ ತಗ್ಗು ತೋಡಿ ಗೊಬ್ಬರ ಮಾಡೋಣ. ಎಷ್ಟು ಬುಟ್ಟಿ ಹೂವಿಗೆ ಎಷ್ಟು ಗೊಬ್ಬರ, ಎಷ್ಟು ದಿನಕ್ಕೆ ಎಂಬುದನ್ನು ಮಕ್ಕಳು ವಹಿಯಲ್ಲಿ ಬರೆಯಲಿ. ಆ ಗೊಬ್ಬರ ಶಾಲೆಯ ಗಿಡಗಳಿಗೇ ಹೋಗಲಿ.

ಮೂರನೆಯದು, ಮಹಾಪ್ರಸಾದಕ್ಕೆ ಪತ್ರಾವಳಿ ಅಥವಾ ತೊಳೆದು ಬಳಸುವ ಸ್ಟೀಲ್ ತಾಟು. ನೀರಿಗೆ ಪ್ಲಾಸ್ಟಿಕ್ ಗ್ಲಾಸು ಬೇಡ, ಸ್ಟೀಲ್ ಗ್ಲಾಸು ಇಡೋಣ. ತೊಳೆಯಲು ಸೇವೆಗೆ ಬರುವವರ ಯಾದಿಯಲ್ಲಿ ನಮ್ಮ ವಿಶ್ವಸ್ತರ ಹೆಸರೇ ಮೊದಲು ಇರಲಿ. ಶಾಲೆಯಲ್ಲಿ ಒಂದು ಕಲಿತು ಗುಡಿಯಲ್ಲಿ ಇನ್ನೊಂದು ಕಂಡರೆ ಮಗುವಿಗೆ ಶಾಲೆಯ ಮೇಲೂ ನಂಬಿಕೆ ಹೋಗುತ್ತದೆ, ನಮ್ಮ ಮೇಲೂ ಹೋಗುತ್ತದೆ.

ನಾಲ್ಕನೆಯದು, ಊರಿನ ಹಳೆಯ ಮರಗಳ ಒಂದು ಯಾದಿ. ಯಾವ ಮರ, ಎಲ್ಲಿದೆ, ಸುತ್ತಳತೆ ಎಷ್ಟು, ಕನ್ನಡದಲ್ಲಿ ಏನು ಹೆಸರು, ಮರಾಠಿಯಲ್ಲಿ ಏನು ಹೆಸರು. ಬೇವು ಮತ್ತು ಕಡುಲಿಂಬ, ಆಲ ಮತ್ತು ವಡ, ಅರಳಿ ಮತ್ತು ಪಿಂಪಳ, ಹುಣಸೆ ಮತ್ತು ಚಿಂಚ. ಅಜ್ಜ-ಅಜ್ಜಿಯರನ್ನು ಕೇಳಿ ಮಕ್ಕಳು ಬರೆದುಕೊಳ್ಳಲಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಗಿಡದ ಕನ್ನಡ ಹೆಸರು ತಿಳಿಯದ ಮಕ್ಕಳು ಹೆಚ್ಚುತ್ತಿದ್ದಾರೆ. ಹೆಸರು ಮರೆತ ಗಿಡವನ್ನು ಕಡಿಯಲು ಯಾರಿಗೂ ಮನಸ್ಸು ಅಳುಕುವುದಿಲ್ಲ. ಆ ಯಾದಿಯನ್ನು ಮುಂದಿನ ವರ್ಷದ ಸ್ಮರಣ ಸಂಚಿಕೆಯಲ್ಲಿ ಮಕ್ಕಳ ಹೆಸರಿನೊಂದಿಗೆ ಅಚ್ಚು ಮಾಡಿಸೋಣ. ಜಾಹೀರಾತಿನ ಒಂದು ಪುಟ ಕಡಿಮೆಯಾದರೆ ಚಿಂತೆಯಿಲ್ಲ.

ಭಕ್ತ ಬಾಂಧವರೇ, 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎನ್ನುತ್ತಾರೆ. ಸರಕಾರ ಪುಸ್ತಕ ಕೊಟ್ಟಿದೆ, ನ್ಯಾಯಾಲಯ ಆದೇಶ ಕೊಟ್ಟಿದೆ, ಶಿಕ್ಷಕರು ಪಾಠ ಹೇಳುತ್ತಿದ್ದಾರೆ. ಆ ಪಾಠ ನಿಜವೆಂದು ತೋರಿಸುವ ಊರು ಮಾತ್ರ ನಾವು ಕೊಡಬೇಕಾಗಿದೆ. ನಾಳೆ ಕಮೀಟಿಯ ಬೈಠಕಿನಲ್ಲಿ ಈ ನಾಲ್ಕು ಸೂಚನೆಗಳಿಗೆ ಮಂಜೂರಾತಿ ಕೊಡಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ನಿರ್ಮಾಲ್ಯದ ತಗ್ಗು ತೋಡಲು ಸೋಮವಾರ ಮುಂಜಾನೆ ಏಳಕ್ಕೆ ನಾನು ಸಲಿಕೆಯೊಂದಿಗೆ ಗುಡಿಯ ಹಿಂದೆ ಇರುತ್ತೇನೆ. ಬರುವವರು ತಮ್ಮ ಮಕ್ಕಳನ್ನೂ ಕರೆತರಬೇಕು.